ಶಿಂಜುಕುದಲ್ಲಿ ರಾತ್ರಿ ಸುತ್ತುವವರೇ, ರಸ್ತೆಯಲ್ಲಿ ಕರೆಯುವವನ ಹಿಂದೆ ಹೋಗಬೇಡಿ

ಕೆಲಸದ ಮೇಲೆ ಟೋಕಿಯೊಗೆ ಹೋಗಿದ್ದ ನನಗೂ ನನ್ನ ಗೆಳೆಯನಿಗೂ ಒಂದು ಬಾರಿನಲ್ಲಿ ಬಂದ ಬಿಲ್ಲು 77,220 ಯೆನ್. ನಾವು ಕುಡಿದದ್ದು ತಲಾ ಎರಡು ಹೈಬಾಲ್. ವಿಸ್ಕಿಗೆ ಸೋಡಾ ಬೆರೆಸಿದ್ದು, ಅಷ್ಟೇ. ಹೇಳಿಕೊಳ್ಳೋಕೆ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ನಾವೇನೂ ತೀರಾ ಪೆದ್ದರಾಗಿರಲಿಲ್ಲ. ಆ ಊರು ಅಷ್ಟು ಒಳ್ಳೆಯದಾಗಿದ್ದಕ್ಕೇ ಮೋಸ ಹೋದೆವು ಅಂತ ಈಗ ಅನ್ನಿಸುತ್ತದೆ.

ಮೊದಲ ದಿನ ಯಮನೋತೆ ಲೈನಿನ ರೈಲಿನಲ್ಲಿ ಕೊಡೆ ಮರೆತು ಇಳಿದಿದ್ದೆ. ಮನೆಯಿಂದ ತಂದಿದ್ದ ಮರದ ಹಿಡಿಯ ಕಪ್ಪು ಕೊಡೆ. ಮರುದಿನ ಸ್ಟೇಷನ್ನಿನಲ್ಲಿ ವಿಚಾರಿಸಿದರೆ, ಹಿಡಿಗೆ ಪುಟ್ಟ ಚೀಟಿ ಕಟ್ಟಿ ಜೋಪಾನವಾಗಿ ಇಟ್ಟಿದ್ದರು. ಎರಡನೇ ರಾತ್ರಿ ಒಂದು ಇಜಾಕಾಯಾದಲ್ಲಿ, ಅಂದ್ರೆ ಕುಡಿಯೋಕೆ ತಿನ್ನೋಕೆ ಸಿಗುವ ಜಪಾನಿ ಅಂಗಡಿಯಲ್ಲಿ, ಊಟ ಮಾಡಿ, ಮೇಜಿನ ಮೇಲೆ 200 ಯೆನ್ ಟಿಪ್ಸ್ ಬಿಟ್ಟು ಬಂದೆವು. ಹುಡುಗ ರಸ್ತೆಯವರೆಗೂ ಓಡಿ ಬಂದು ಆ ನಾಣ್ಯಗಳನ್ನು ವಾಪಸ್ ಕೊಟ್ಟ. ಅಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ಅದೇ ಅಂಗಡಿಯಲ್ಲಿ, ನಾವು ಕೇಳದೆಯೇ ಒಂದು ಸಣ್ಣ ಬಟ್ಟಲು ತಿಂಡಿ ತಂದಿಟ್ಟು ಬಿಲ್ಲಿಗೆ ಸೇರಿಸಿದ್ದರು. ಮೋಸ ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ಅದರ ಹೆಸರು ಒತೋಶಿ. ತಲೆಗೆ 300-500 ಯೆನ್, ಕೂತ ಜಾಗದ ಬಾಡಿಗೆ ಇದ್ದ ಹಾಗೆ. ಅನುಮಾನ ಪಟ್ಟಿದ್ದಕ್ಕೆ ನಮಗೇ ಬೇಜಾರಾಯಿತು. ಮೂರನೇ ರಾತ್ರಿ ಹೊತ್ತಿಗೆ ನಮ್ಮ ಅನುಮಾನ ಅನ್ನೋದು ಪೂರ್ತಿ ನಿದ್ದೆ ಹೋಗಿತ್ತು.

ಅವತ್ತು ಶುಕ್ರವಾರ. ಶಿಂಜುಕು ಸ್ಟೇಷನ್ನಿನ ಪಶ್ಚಿಮಕ್ಕೆ ಒಮೊಯಿದೆ ಯೊಕೊಚೊ ಅನ್ನೋ ಗಲ್ಲಿ ಇದೆ. ಹೊಗೆಯಲ್ಲಿ ಕೂತು, ಪಕ್ಕದವರಿಗೆ ಮೊಣಕೈ ತಾಗಿಸಿಕೊಂಡು, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ತಿಂದೆವು. ಆಮೇಲೆ ರೈಲು ಹಳಿಯ ಕೆಳಗಿನ ದಾರಿಯಲ್ಲಿ ಆ ಕಡೆ ದಾಟಿ, ಬಾರು ಕ್ಲಬ್ಬುಗಳೇ ತುಂಬಿರುವ ಕಬುಕಿಚೊಗೆ ಬಂದೆವು. ಕೆಂಪು ದೀಪದ ಕಮಾನು, ಕಟ್ಟಡದ ನೆತ್ತಿಯ ಮೇಲೆ ಗಾಡ್ಜಿಲ್ಲಾ ತಲೆ, ಸಿನಿಮಾ ಹೀರೋಗಳ ಹಾಗೆ ಕೂದಲು ತೀಡಿಕೊಂಡ ಹೋಸ್ಟ್ ಕ್ಲಬ್ (ಹೆಂಗಸರ ಜೊತೆ ಮಾತಿಗೆ ಕೂರೋಕೆ ಹುಡುಗರಿರುವ ಕ್ಲಬ್) ಹುಡುಗರ ದೊಡ್ಡ ದೊಡ್ಡ ಫೋಟೊಗಳು. ಸುಮ್ನೆ ನಡೆದಾಡಿದರೂ ಮಜಾ ಬರುವ ಜಾಗ, ಸುಳ್ಳು ಹೇಳೋದಿಲ್ಲ.

ಅಲ್ಲಿ ಕಂಬಗಳ ಮೇಲಿನ ಸ್ಪೀಕರುಗಳಲ್ಲಿ ಒಂದು ಪ್ರಕಟಣೆ ಬರ್ತಾನೇ ಇರುತ್ತದೆ: ರಸ್ತೆಯಲ್ಲಿ ಕರೆಯುವವರ ಹಿಂದೆ ಹೋಗಬೇಡಿ, ಮೋಸ ಹೋಗುತ್ತೀರಿ ಅಂತ. ಅದು ನಮ್ಮ ತಲೆಯ ಮೇಲೇ ಕೂಗುತ್ತಿದ್ದಾಗ ನಾವು ಒಬ್ಬನ ಹಿಂದೆ ಹೊರಟಿದ್ದೆವು.

ಕಪ್ಪು ಕೋಟು, ಚೊಕ್ಕ ಇಂಗ್ಲಿಷು. ಒಂದು ಗಂಟೆ, ತಲೆಗೆ 2,000 ಯೆನ್, ಎಷ್ಟು ಬೇಕಾದರೂ ಕುಡಿಯಿರಿ, ಹುಡುಗಿಯರು ಮಾತಿಗೆ ಕೂರುತ್ತಾರೆ, ಬೇರೆ ಖರ್ಚೇ ಇಲ್ಲ ಅಂದ. "ಎರಡು ಸಾವಿರ ತಾನೇ, ಹೋದ್ರೆ ಹೋಗ್ಲಿ ಬಾರೋ" ಅಂದ ಗೆಳೆಯ. ತಪ್ಪೆಲ್ಲ ಅವನ ಮೇಲೆ ಹಾಕೋದು ಬೇಡ. ನನಗೂ ಒಳಗೆ ಹೇಗಿರುತ್ತೆ ನೋಡೋಣ ಅಂತ ಆಸೆ ಇತ್ತು.

ಕಿರಿದಾದ ಕಟ್ಟಡ. ಮಹಡಿಗೊಂದು ಬಾರು. ಐದನೇ ಮಹಡಿಯಲ್ಲಿ ಲಿಫ್ಟ್ ಬಾಗಿಲು ತೆರೆದರೆ ನೇರ ಬಾರಿನೊಳಗೇ ಕಾಲಿಡುತ್ತೀರಿ. ಕಿಟಕಿ ಇಲ್ಲ. ಇದನ್ನು ಗಮನಿಸಿ. ಎದ್ದು ಹೋಗಬೇಕಂದ್ರೆ ಲಿಫ್ಟಿಗೆ ಕಾಯಬೇಕು, ಲಿಫ್ಟಿನ ಮುಂದೆ ಅವರ ಜನ ನಿಂತಿರುತ್ತಾರೆ.

ಇಬ್ಬರು ಹುಡುಗಿಯರು ಬಂದು ಕೂತರು. ತುಂಬಾ ನಗುಮುಖ. ಸ್ವಲ್ಪ ಹೊತ್ತಿಗೊಮ್ಮೆ "ನಾನೂ ಒಂದು ತಗೊಳ್ಳಲಾ?" ಅಂತ ಕೇಳೋರು. ಬೇಡ ಅನ್ನೋದು ಹೇಗೆ ಅಂತ ತಲೆಯಾಡಿಸಿದೆವು. ಬಿಲ್ಲು ಬೆಳೆದದ್ದು ಆ ತಲೆಯಾಟದಲ್ಲೇ. "ಎಷ್ಟು ಬೇಕಾದರೂ" ಅನ್ನೋದು ನಮಗೆ ಮಾತ್ರವಂತೆ. ಅವರ ಹೆಬ್ಬೆರಳುದ್ದದ ಗ್ಲಾಸಿಗೆ ತಲಾ 3,000 ಯೆನ್. ಅಂಥವು ಎಂಟು. ಪ್ರವೇಶ 4,000. ಟೇಬಲ್ ಚಾರ್ಜು ತಲೆಗೆ 10,000. ಯಾರೂ ಮುಟ್ಟದ ಒಂದು ತಟ್ಟೆ ಕಡಲೆಬೀಜ, ಚಾಕಲೇಟಿಗೆ 6,000. ಒಟ್ಟು 54,000. ಅದರ ಮೇಲೆ ಶೇಕಡ 30 ಸರ್ವಿಸ್, ಅದರ ಮೇಲೆ ಶೇಕಡ 10 ತೆರಿಗೆ. ಲೆಕ್ಕದಲ್ಲಿ ಒಂದು ಯೆನ್ನೂ ತಪ್ಪಿರಲಿಲ್ಲ, ಬೇಕಾದರೆ ಕೂಡಿಸಿ ನೋಡಿ.

ಕೇಳಿದ್ದಕ್ಕೆ, ಬೂದಿ ಬಟ್ಟಲಿನ ಕೆಳಗಿದ್ದ ಕಾಗದ ತೋರಿಸಿದರು. ಎಲ್ಲಾ ಜಪಾನಿ ಅಕ್ಷರ, ಇರುವೆ ಸಾಲಿನ ಹಾಗೆ. ಕರೆತಂದವನು ಹೇಳಿದ್ದೇ ಬೇರೆ ಅಂದರೆ, "ಅವನು ನಮ್ಮವನಲ್ಲ" ಅಂದರು. ಯಾರೂ ಬೈಯಲಿಲ್ಲ, ಮೈ ಮುಟ್ಟಲಿಲ್ಲ. ಇಬ್ಬರು ಗಂಡಸರು ಲಿಫ್ಟಿಗೆ ಬೆನ್ನು ಕೊಟ್ಟು ನಗುತ್ತಾ ನಿಂತರು. ಆ ನಗುವೇ ಜಾಸ್ತಿ ಹೆದರಿಸಿತು. ಮುಕ್ಕಾಲು ಗಂಟೆ ಎಳೆದಾಡಿ, "ನಿಮಗೋಸ್ಕರ" 60,000ಕ್ಕೆ ಇಳಿಸಿದರು. 20,000 ನಗದು, ಉಳಿದದ್ದು ಗೆಳೆಯನ ಕಾರ್ಡು.

ಅಲ್ಲಿಂದ ನೇರ ಕೋಬಾನಿಗೆ ಹೋದೆವು. ಕೋಬಾನ್ ಅಂದ್ರೆ ಪೊಲೀಸರ ಸಣ್ಣ ಚೌಕಿ. ಪೊಲೀಸರು ಕೂರಿಸಿ ಪೂರ್ತಿ ಕೇಳಿದರು. ಆದರೆ ದುಡ್ಡು ಕೊಟ್ಟಾಗಿದೆ, ಇದು ನಿಮ್ಮ ಮತ್ತು ಬಾರಿನವರ ನಡುವಿನ ವ್ಯವಹಾರ, ವಾಪಸ್ ಕೊಡಿಸುವ ಅಧಿಕಾರ ನಮಗಿಲ್ಲ ಅಂದರು. ಇಂಥ ಬಾರುಗಳ ಮೇಲೆ ಟೋಕಿಯೊದಲ್ಲಿ 2000ನೇ ಇಸವಿಯಿಂದ ಕಾನೂನು ಇದೆ: ಬೆಲೆ ಮುಚ್ಚಿಡುವಂತಿಲ್ಲ, ಸುಳ್ಳು ಬೆಲೆ ಹೇಳುವಂತಿಲ್ಲ, ಹೆದರಿಸಿ ವಸೂಲಿ ಮಾಡುವಂತಿಲ್ಲ. ಆದರೆ ನಮ್ಮ ಹತ್ತಿರ ಇದ್ದದ್ದು ರಸ್ತೆಯಲ್ಲಿ ಆಡಿದ ಬಾಯಿಮಾತು. ದುಡ್ಡು ಕೊಡುವ ಮೊದಲೇ "ನಡೀರಿ, ಕೋಬಾನಿನಲ್ಲೇ ಮಾತಾಡೋಣ" ಅನ್ನಬೇಕಿತ್ತು, ಇಲ್ಲವೇ ಅಲ್ಲಿಂದಲೇ ಪೊಲೀಸರ ನಂಬರ್ 110ಕ್ಕೆ ಫೋನ್ ಮಾಡಬೇಕಿತ್ತು. ನಾವು ಸರಿಯಾಗಿ ಮಾಡಿದ್ದು ಒಂದೇ, ಚೌಕಿಯಲ್ಲಿ ಕೂತೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದ್ದು.

ಇಷ್ಟಕ್ಕೇ ಮುಗಿಯಿತು ಅನ್ನಬೇಕು. ಕಬುಕಿಚೊ, ರೊಪ್ಪೊಂಗಿ ಕಡೆ ಗ್ಲಾಸಿಗೆ ಮತ್ತಿನ ಪುಡಿ ಬೆರೆಸಿ ಕಾರ್ಡ್ ಉಜ್ಜುವವರಿದ್ದಾರೆ ಅಂತ ಅಮೆರಿಕದ ರಾಯಭಾರ ಕಚೇರಿ ತನ್ನ ಜನಕ್ಕೆ ಎಚ್ಚರಿಕೆ ಕೊಟ್ಟಿದೆ.

ಕೊನೆಯ ರೈಲು ಹೋಗಿಬಿಟ್ಟಿತ್ತು. ಪಕ್ಕದಲ್ಲೇ ಗೋಲ್ಡನ್ ಗಾಯ್. ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕಾದ ಗಲ್ಲಿಗಳು, ಇನ್ನೂರಕ್ಕೂ ಹೆಚ್ಚು ಪುಟ್ಟ ಬಾರುಗಳು. ಒಂದರ ಬಾಗಿಲ ಮೇಲೆ ಕೈಬರಹದಲ್ಲಿ ಸೀಟಿಗೆ 1,000, ಹೈಬಾಲಿಗೆ 800 ಅಂತ ಇಂಗ್ಲಿಷಿನಲ್ಲೂ ಬರೆದಿತ್ತು. ಈ ಸಲ ಆ ಚೀಟಿಯ ಫೋಟೊ ತೆಗೆದುಕೊಂಡೇ ಒಳಗೆ ಹೋದೆ. ಒಳಗೆ ಎಂಟೇ ಸೀಟು. ಎಪ್ಪತ್ತರ ಹತ್ತಿರದ ಯಜಮಾನಿ ನಮ್ಮ ಕಥೆ ಕೇಳಿ, ಐಸ್ ಒಡೆಯುತ್ತಲೇ "ಬೊತ್ತಾಕುರಿ" ಅಂದರು. ಸುಲಿಗೆ ಅಂತ ಅರ್ಥ. ಅದಕ್ಕೇ ಒಂದು ಪದ ಇದೆ ನೋಡಿ. ತಲಾ ಎರಡು ಹೈಬಾಲ್ ಕುಡಿದು ಎದ್ದಾಗ ಬಿಲ್ಲು 5,200.

ಐದರ ಹೊತ್ತಿಗೆ ರೈಲು ಹತ್ತೋಕೆ ಹೊರಟಾಗ ಮಳೆ ಹನಿಯುತ್ತಿತ್ತು. ಕೊಡೆ ಬಿಚ್ಚೋಣ ಅಂದರೆ ಕೈಯಲ್ಲಿಲ್ಲ. ಆ ಐದನೇ ಮಹಡಿಯಲ್ಲೇ ಬಿಟ್ಟು ಬಂದಿದ್ದೆ. ನೆನೆದುಕೊಂಡೇ ಸ್ಟೇಷನ್ನಿಗೆ ಹೋದೆ.