ಹುಕ್ಕೋ, ಜಿಪ್ಪೋ, ವೆಲ್ಕ್ರೋವೋ: ಸ್ತನ ಶಸ್ತ್ರಚಿಕಿತ್ಸೆಯ ನಂತರದ ಬ್ರಾಗಳ ಹೋಲಿಕೆ

ಸ್ತನದ ಶಸ್ತ್ರಚಿಕಿತ್ಸೆಯಾದ ಮೇಲೆ ಬ್ರಾ ಕೊಳ್ಳುವವರು ಮೊದಲು ಕೇಳುವುದು ಕಪ್ಪಿನ ಅಳತೆ. ಮೊದಲ ಕೆಲವು ವಾರ ಅದನ್ನು ಕೊನೆಗೆ ನೋಡಿದರೂ ಸಾಕು. ಕೈ ಎಷ್ಟು ಮೇಲೇಳುತ್ತದೆ, ಹೊಲಿಗೆ ಎಲ್ಲಿದೆ, ಗಾಯದೊಳಗೆ ಸೇರುವ ದ್ರವವನ್ನು ಹೊರತೆಗೆಯುವ ಡ್ರೇನಿನ ನಳಿಕೆ ಎಲ್ಲಿಂದ ಹೊರಬಂದಿದೆ, ಈ ಮೂರು ಗೊತ್ತಾದರೆ ಅಂಗಡಿಯಲ್ಲಿರುವ ಅರ್ಧಕ್ಕರ್ಧ ಬ್ರಾಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಉಳಿದವುಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ಹಾಕಿ, ಕೂತು, ಮಲಗಿ, ಒಗೆದು ನೋಡಿದ ಮೇಲೆ ಬರೆದ ಹೋಲಿಕೆ ಇದು. ಶಸ್ತ್ರವೈದ್ಯರು ನಿರ್ದಿಷ್ಟವಾಗಿ ಒಂದು ಬಗೆಯ ಬ್ರಾ ಅಥವಾ ಇಷ್ಟೇ ದಿನ ಎಂದು ಹೇಳಿದ್ದರೆ ಆ ಮಾತೇ ಮೇಲು.

ಕೈ ಎತ್ತಲಾಗದ ದಿನಗಳಲ್ಲಿ ಮುಂದೆ ತೆರೆಯುವ ಬ್ರಾ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಜಗಳವಿರುವುದು ಅದು ಹೇಗೆ ತೆರೆಯಬೇಕು ಎನ್ನುವಲ್ಲಿ.

ವೆಲ್ಕ್ರೋ ಬ್ರಾವನ್ನು ಮಲಗಿದಲ್ಲೇ ಹಾಕಬಹುದು, ಬಿಚ್ಚಬಹುದು. ಭುಜದ ಪಟ್ಟಿಗೂ ವೆಲ್ಕ್ರೋ ಇದ್ದರೆ ತೋಳನ್ನು ತೂರಿಸುವ ಕೆಲಸವೇ ಇಲ್ಲ: ಬೆನ್ನಿನ ಕೆಳಗೆ ಹಾಸಿ, ಎರಡೂ ಕಡೆಯಿಂದ ತಂದು ಅಂಟಿಸಿದರೆ ಮುಗಿಯಿತು. ಇವತ್ತು ಊತ ಹೆಚ್ಚು, ನಾಳೆ ಕಡಿಮೆ ಎನ್ನುವ ಮೊದಲ ವಾರಕ್ಕೆ ಇದರಷ್ಟು ಹೊಂದಿಕೊಳ್ಳುವುದು ಇನ್ನೊಂದಿಲ್ಲ. ಕೀಮೋದಿಂದ ಬೆರಳ ತುದಿ ಜೋಮು ಹಿಡಿದವರಿಗೂ ಇದೇ ಸುಲಭ. ಆದರೆ ವೆಲ್ಕ್ರೋದ ಒರಟು ಬದಿ ಯಾವುದಕ್ಕೂ ಅಂಟುತ್ತದೆ. ಬ್ಯಾಂಡೇಜಿನ ಜಾಳು ಬಟ್ಟೆಗೆ, ನೈಟಿಯ ನೂಲಿಗೆ, ಸ್ವಲ್ಪ ಸರಿದರೆ ಚರ್ಮಕ್ಕೆ. ಮೇಲಿನ ಮೂಲೆ ಗಟ್ಟಿಯಾಗಿ, ಬಗ್ಗಿದಾಗ ಚುಚ್ಚುತ್ತದೆ. ಕೆಲವು ಬಾರಿ ಒಗೆಯುವಷ್ಟರಲ್ಲಿ ಎಳೆ, ಕೂದಲು ತುಂಬಿಕೊಂಡು ಹಿಡಿತ ಹೋಗುತ್ತದೆ. ಅಂಟಿಸಿಯೇ ಒಗೆಯಿರಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒರಟು ಬದಿಯನ್ನು ಆಗಾಗ ಉಜ್ಜಿದರೆ ಆಯುಷ್ಯ ಹೆಚ್ಚುತ್ತದೆ. ನಡುರಾತ್ರಿ ಬಿಚ್ಚಿದರೆ ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗುವುದು ಖಚಿತ.

ಹುಕ್ಕಿನದು ನಿಧಾನ, ಆದರೆ ಲೆಕ್ಕ ಕರಾರುವಾಕ್ಕು. ಮುಂದೆ ಉದ್ದಕ್ಕೂ ಸಾಲಾಗಿ ಹುಕ್ಕು, ಎದುರಿಗೆ ಎರಡು ಅಥವಾ ಮೂರು ಸಾಲು ಕಣ್ಣು. ಮೂರು ಸಾಲಿನದನ್ನೇ ಕೊಳ್ಳಿ. ಊತ ಇದ್ದಾಗ ಸಡಿಲ ಸಾಲು, ಇಳಿದಂತೆ ಒಳಗಿನ ಸಾಲು. ಒಂದೇ ಬ್ರಾ ಹಲವು ವಾರ ನಡೆಯುತ್ತದೆ. ಹುಕ್ಕನ್ನು ಯಾವಾಗಲೂ ಕೆಳಗಿನಿಂದ ಹಾಕುತ್ತ ಬನ್ನಿ. ಎದೆಯ ಕೆಳಗಿನ ಪಟ್ಟಿ ಮೊದಲು ಕೂತರೆ ಭಾರ ಅದರ ಮೇಲೆ ನಿಲ್ಲುತ್ತದೆ, ಮೇಲಿನವು ಎಳೆದಾಡದೆ ಸೇರುತ್ತವೆ. ಮೇಲಿನಿಂದ ಶುರು ಮಾಡಿದರೆ ಕೊನೆಯ ಹುಕ್ಕು ಹಾಕುವಾಗ ಎರಡೂ ಕೈಯಿಂದ ಜೋರಾಗಿ ಎಳೆಯಬೇಕಾಗುತ್ತದೆ, ಆ ಎಳೆತ ನೇರ ಹೊಲಿಗೆಗೆ. ಕೊಳ್ಳುವಾಗ ಹುಕ್ಕಿನ ಸಾಲಿನ ಹಿಂದೆ ಬಟ್ಟೆಯ ಒಳಪಟ್ಟಿ ಇದೆಯೇ ನೋಡಿ. ಅದಿಲ್ಲದಿದ್ದರೆ ಸಂಜೆಗೆ ಎದೆಗೂಡಿನ ನಡುವೆ ಲೋಹದ ಗುರುತು ಸಾಲಾಗಿ ಮೂಡಿರುತ್ತದೆ.

ಜಿಪ್ಪು ನೋಡಲು ಎಲ್ಲಕ್ಕಿಂತ ಸುಲಭ, ಹಾಕಲು ಅಷ್ಟಲ್ಲ. ಕೆಳತುದಿಯನ್ನು ಗೂಡಿಗೆ ಸೇರಿಸುವಾಗ ತಲೆ ಬಗ್ಗಿಸಿ, ಎರಡೂ ಕಡೆ ಒಟ್ಟಿಗೆ ಎಳೆದು ಹಿಡಿಯಬೇಕು. ಊತ ಇದ್ದ ದಿನ ಅದು ಒಂದೋ ಮುಚ್ಚುತ್ತದೆ, ಇಲ್ಲವೋ ಇಲ್ಲ. ನಡುವಿನ ದಾರಿ ಇಲ್ಲ. ಒಳಗೆ ಎರಡು ಮೂರು ಹುಕ್ಕು, ಅದರ ಮೇಲೆ ಜಿಪ್ಪು ಇರುವ ಬಗೆ ಸಿಕ್ಕರೆ ತೊಂದರೆ ಅರ್ಧ ಕಡಿಮೆ, ಏಕೆಂದರೆ ಹುಕ್ಕು ಮೊದಲು ಎರಡು ಕಡೆಯನ್ನೂ ಹತ್ತಿರ ತಂದಿಟ್ಟಿರುತ್ತದೆ. ಲೋಹದ ಹಲ್ಲಿಗಿಂತ ಪ್ಲಾಸ್ಟಿಕ್ ಸುರುಳಿಯ ಜಿಪ್ಪು ಮೆತ್ತಗೆ ಬಾಗುತ್ತದೆ. ಮೇಲ್ತುದಿಯಲ್ಲಿ ಜಿಪ್ಪಿನ ತಲೆ ಅಡಗಿ ಕೂರಲು ಬಟ್ಟೆಯ ಮನೆ ಇರಲೇಬೇಕು.

ನಮ್ಮ ಒಲವು ಹೀಗೆ: ಮೊದಲ ಹತ್ತು ಹದಿನೈದು ದಿನಕ್ಕೆ ವೆಲ್ಕ್ರೋದ ಎರಡು, ಆಮೇಲೆ ಹುಕ್ಕಿನ ಮೂರು. ಜಿಪ್ಪು ನಡಿಗೆ, ವ್ಯಾಯಾಮ ಮತ್ತೆ ಶುರುವಾದ ಮೇಲೆ. ತಲೆಯ ಮೇಲಿಂದ ಎಳೆದು ಹಾಕುವ ಕ್ರೀಡಾ ಬ್ರಾ ಎಷ್ಟೇ ಮೆತ್ತಗಿರಲಿ, ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ಕಾಲಿನಿಂದ ಮೇಲಕ್ಕೆ ಎಳೆದುಕೊಂಡರಾಯಿತು ಎನ್ನುವವರಿದ್ದಾರೆ. ಹಾಕುವುದೇನೋ ಸರಿ, ಬೆವರಿ ಒದ್ದೆಯಾದ ಮೇಲೆ ಅದನ್ನು ಬಿಚ್ಚುವುದೇ ದೊಡ್ಡ ಕುಸ್ತಿ.

ಪಟ್ಟಿ ಕೂರುವ ಜಾಗ

ಹೆಚ್ಚಿನ ಬ್ರಾಗಳು ಸೋಲುವುದು ಕಪ್ಪಿನಲ್ಲಲ್ಲ, ಎದೆಯ ಕೆಳಗಿನ ಪಟ್ಟಿ ಮತ್ತು ಕಂಕುಳ ಕೆಳಗಿನ ಬದಿಯಲ್ಲಿ. ಯಾವ ಶಸ್ತ್ರಚಿಕಿತ್ಸೆ ಎನ್ನುವುದರ ಮೇಲೆ ನೋವಿನ ಜಾಗ ಬದಲಾಗುತ್ತದೆ.

ಸ್ತನ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ಕೆಳಕ್ಕೆ ಒಂದು, ಸ್ತನದ ಕೆಳಮಡಿಕೆಯ ಉದ್ದಕ್ಕೆ ಇನ್ನೊಂದು. ಒಟ್ಟಿನಲ್ಲಿ ಲಂಗರಿನ ಆಕಾರ. ಕೆಳಗೆ ಗೆರೆಗಳು ಕೂಡುವ ಮೂಲೆ ನಿಧಾನವಾಗಿ ಮಾಯುತ್ತದೆ, ಬಾಯಿಬಿಟ್ಟರೆ ಅಲ್ಲೇ ಮೊದಲು. ಕಿರಿದಾದ ಎಲಾಸ್ಟಿಕ್ ಸುರುಳಿ ಸುತ್ತಿಕೊಂಡು ಆ ಮೂಲೆಯ ಮೇಲೆಯೇ ಹಗ್ಗದಂತೆ ಕೂರುತ್ತದೆ. ಮೂರು ಸೆಂಟಿಮೀಟರಿಗೂ ಹೆಚ್ಚು ಅಗಲದ, ಒಳಗೆ ಮೆತ್ತನೆಯ ಬಟ್ಟೆ ಹೊದಿಸಿದ ಪಟ್ಟಿ ಸುರುಳಿ ಸುತ್ತುವುದು ಕಡಿಮೆ. ಮಡಿಕೆಯಲ್ಲಿ ಗೀರು ಹಾಕಿ ಇಂಪ್ಲಾಂಟ್ ಇಟ್ಟವರಿಗೂ ಇದೇ ಮಾತು.

ಗಂಟು ಮಾತ್ರ ತೆಗೆದು ಕಂಕುಳಿನ ದುಗ್ಧಗ್ರಂಥಿ ಪರೀಕ್ಷೆಗೆ ಕೊಟ್ಟವರಿಗೆ ಸ್ತನದ ಗಾಯಕ್ಕಿಂತ ಕಂಕುಳಿನ ಚಿಕ್ಕ ಗಾಯವೇ ಹೆಚ್ಚು ಕಾಡುವುದುಂಟು. ಇವರಿಗೆ ಬದಿ ತೀರಾ ಎತ್ತರವಿರುವ ಬ್ರಾ ಆಗದು, ಅದರ ಅಂಚು ಪ್ರತಿ ಸಲ ಕೈ ಆಡಿಸಿದಾಗಲೂ ಗಾಯವನ್ನು ಉಜ್ಜುತ್ತದೆ. ಇಡೀ ಸ್ತನ ತೆಗೆದವರಲ್ಲಿ ನಳಿಕೆ ಹೊರಬರುವುದು ಪಕ್ಕೆಯಲ್ಲಿ, ಮಾಮೂಲಿ ಬ್ರಾದ ಬದಿ ಹೊಲಿಗೆ ಬೀಳುವ ಆಸುಪಾಸಿನಲ್ಲೇ. ಬದಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ಇದ್ದರೆ ಕೊಳ್ಳಲೇಬೇಡಿ. ಬೆನ್ನಿನ ಸ್ನಾಯು ತಂದು ಸ್ತನ ಕಟ್ಟಿದವರಿಗೆ ಮುಂದಿನದಕ್ಕಿಂತ ಹಿಂದಿನ ಗೆರೆ ಮುಖ್ಯ. ಬ್ರಾದ ಕೆಳಗೆ ಮರೆಯಾಗಲಿ ಎಂದು ಅದನ್ನು ಹಲವು ಸಲ ಪಟ್ಟಿಯ ಜಾಗದಲ್ಲೇ ಇಟ್ಟಿರುತ್ತಾರೆ, ಮಾಯುವ ತನಕ ಅದೇ ತೊಡಕು. ಪಟ್ಟಿಯಿಲ್ಲದ, ಸೊಂಟದವರೆಗೆ ಇಳಿಯುವ ಬಿಗಿ ಬನಿಯನ್ ಇವರಿಗೆ ಬ್ರಾಕ್ಕಿಂತ ವಾಸಿ. ಹೊಟ್ಟೆಯ ಅಂಗಾಂಶದಿಂದ ಕಟ್ಟಿದ ಸ್ತನಕ್ಕೆ ರಕ್ತ ಹರಿಯುವ ದಾರಿ ಹೊಸದು, ಒತ್ತಡ ಬೀಳಬಾರದು. ಅಲ್ಲಿ ವೈದ್ಯರು ಹೇಳುವ ತನಕ ಬಿಗಿಯಾದ್ದೇನೂ ಬೇಡ.

ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲು ತೆಗೆದಿಟ್ಟುಕೊಂಡರೆ ಉಪಯೋಗ ಅಷ್ಟಕ್ಕಷ್ಟೆ. ಮೊದಲೇ ಕೊಳ್ಳಬೇಕಾದರೆ ಪಟ್ಟಿಯ ಅಳತೆಯಲ್ಲಿ ಒಂದು ಮೆಟ್ಟಿಲು ದೊಡ್ಡದನ್ನು, ಮೂರು ಸಾಲು ಕಣ್ಣಿರುವುದನ್ನು ತೆಗೆದುಕೊಳ್ಳಿ. ಹಾಕಿದ ಮೇಲೆ ಮೂರು ಪರೀಕ್ಷೆ. ಪಟ್ಟಿಯ ಕೆಳಗೆ ಎರಡು ಬೆರಳು ಒತ್ತಡವಿಲ್ಲದೆ ತೂರಬೇಕು. ಕುರ್ಚಿಯಲ್ಲಿ ಕೂತು ದೀರ್ಘವಾಗಿ ಉಸಿರೆಳೆದಾಗ ಪಟ್ಟಿ ಜಾಗ ಬಿಡಬಾರದು, ಉಸಿರೂ ಕಟ್ಟಬಾರದು. ಇಪ್ಪತ್ತು ನಿಮಿಷ ಬಿಟ್ಟು ಬಿಚ್ಚಿ ಕನ್ನಡಿಯಲ್ಲಿ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾದರೆ ಸರಿ, ಉಳಿದರೆ ಒಂದು ಸಾಲು ಸಡಿಲಿಸಿ ಇಲ್ಲವೇ ಅಳತೆ ಬದಲಿಸಿ. ಕನ್ನಡಿ ಯಾಕೆಂದರೆ ಶಸ್ತ್ರಚಿಕಿತ್ಸೆಯಾದ ಚರ್ಮಕ್ಕೆ ಸ್ಪರ್ಶವೇ ಕಡಿಮೆಯಾಗಿರಬಹುದು. ಒತ್ತಿ ಗುಳ್ಳೆ ಎದ್ದರೂ ನೋವು ಬಂದು ಹೇಳುವುದಿಲ್ಲ.

ಭುಜದ ಪಟ್ಟಿ ಎರಡು ಸೆಂಟಿಮೀಟರಿಗಿಂತ ಕಿರಿದಾಗಿರಬಾರದು. ಕಂಕುಳಿನ ಗ್ರಂಥಿ ತೆಗೆದ ಬದಿಯಲ್ಲಿ ಭುಜ ಕೊರೆಯುವಂಥ ಗುರುತು ಬಿದ್ದರೆ ಸಹಿಸಿಕೊಂಡು ಹೋಗಬೇಡಿ, ಆ ಕೈಗೆ ಬಾವು ಬರುವ ಸಾಧ್ಯತೆ ಮೊದಲೇ ಇರುತ್ತದೆ. ಉದ್ದ ಹೊಂದಿಸುವ ಕೊಂಡಿ ಮುಂದಿದ್ದರೆ ಕೈಗೆ ಸಿಗುತ್ತದೆ. ಹಿಂದಿದ್ದರೆ ಕೈಗೂ ಸಿಗದು, ಮಲಗಿದಾಗ ಬೆನ್ನಿಗೂ ಒತ್ತುತ್ತದೆ.

ಡ್ರೇನ್ ಇದ್ದಾಗ: ಶಮೀಜೋ, ಬ್ರಾವೋ

ಡ್ರೇನಿನ ಚೆಂಡಿಗೆ, ಅಂದರೆ ನಳಿಕೆಯ ತುದಿಯಲ್ಲಿ ದ್ರವ ಹೀರಿ ತುಂಬಿಕೊಳ್ಳುವ ಬುಡ್ಡೆಗೆ, ಜೇಬಿರುವ ಉದ್ದ ಶಮೀಜು ಒಂದು ದಾರಿ. ಬಿಗಿ ಬ್ರಾ ಹಾಕಿ, ಚೆಂಡನ್ನು ಸೊಂಟದ ಬೆಲ್ಟಿನ ಚೀಲಕ್ಕೆ ಬಿಡುವುದು ಇನ್ನೊಂದು. ಶಮೀಜು ಮೆತ್ತಗೆ, ಕಾಲಿನಿಂದ ಏರಿಸಿಕೊಳ್ಳಬಹುದು, ಮನೆಗೆ ಯಾರಾದರೂ ಬಂದರೂ ಅದರ ಮೇಲೊಂದು ಅಂಗಿ ಹಾಕಿಕೊಂಡರೆ ಸಾಕು. ಆದರೆ ಅದರ ಆಧಾರ ಹೆಸರಿಗೆ ಮಾತ್ರ. ಒಂದು ಕಡೆ ತೆಗೆದು, ಉಳಿದ ಸ್ತನ ಭಾರವಾಗಿದ್ದವರಿಗೆ ಅದರ ಓಲಾಟ ಗಾಯದ ಕಡೆಯ ಚರ್ಮವನ್ನು ಎಳೆಯುತ್ತದೆ. ಅವರಿಗೆ ಮುಂದೆ ಹುಕ್ಕಿನ ಬ್ರಾ, ಜೊತೆಗೆ ಬೆಲ್ಟಿನ ಚೀಲವೇ ಸರಿ. ಎರಡೂ ಬದಿ ತೆಗೆದವರಿಗೆ ಶಮೀಜು ಗೆಲ್ಲುತ್ತದೆ.

ಎರಡರಲ್ಲೂ ಜೇಬಿನ ಎತ್ತರ ನೋಡಿ. ಚೆಂಡು ನಳಿಕೆ ಹೊರಬರುವ ಜಾಗಕ್ಕಿಂತ ಕೆಳಗಿರಬೇಕು, ಆದರೆ ನಳಿಕೆ ಬಿಗಿದು ನಿಲ್ಲುವಷ್ಟು ಕೆಳಗಲ್ಲ. ತುಂಬಿದ ಚೆಂಡು ಸುಮಾರು 100 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ 100 ಗ್ರಾಂ ತೂಕ ಒಂದು ಹೊಲಿಗೆಯಿಂದ ಜೋತು ಬಿದ್ದಂತೆ. ಅರ್ಧ ತುಂಬುವಾಗಲೇ ಖಾಲಿ ಮಾಡಿ, ಚೆಂಡು ತುಂಬಿದಂತೆ ಅದರ ಹೀರುವ ಶಕ್ತಿಯೂ ಇಳಿಯುತ್ತದೆ. ಅಂಚು ಹೊಲಿದ ಜೇಬಿಗಿಂತ ವೆಲ್ಕ್ರೋದಿಂದ ಕಿತ್ತು ಅಂಟಿಸಬಹುದಾದ ಜೇಬು ಒಳ್ಳೆಯದು, ಎಡಕ್ಕೆ ಬಲಕ್ಕೆ ಬದಲಿಸಬಹುದು. ಸ್ನಾನದ ಹೊತ್ತಿಗೆ ಕೊರಳಿಗೆ ಹಾಕಿದ ಅಗಲ ದಾರಕ್ಕೆ ಚೆಂಡನ್ನು ಸಿಕ್ಕಿಸಿಕೊಂಡರೆ ಎರಡೂ ಕೈ ಬಿಡುವು.

ಮೇಲಂಗಿ ಮುಂದೆ ಗುಂಡಿ ಇರುವುದು, ತೋಳಿನ ಬಾಯಿ ದೊಗಲೆ ಇರುವುದು, ಗಾಢ ಬಣ್ಣದ ಚಿತ್ತಾರ ಇದ್ದರೆ ಜೇಬಿನ ಉಬ್ಬು ಕಾಣದು. ಹಾಕುವಾಗ ಶಸ್ತ್ರಚಿಕಿತ್ಸೆಯಾದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ.

ಬಟ್ಟೆ

ಅಪ್ಪಟ ಹತ್ತಿ ಚರ್ಮಕ್ಕೆ ಹಿತ, ಆದರೆ ಹಿಗ್ಗಿದ್ದು ವಾಪಸ್ ಬರುವುದಿಲ್ಲ, ಬೆವರು ಕುಡಿದು ಹಸಿಯಾಗಿಯೇ ಉಳಿಯುತ್ತದೆ. ಹತ್ತಿಗೆ ನೂರಕ್ಕೆ ಐದರಷ್ಟು ಎಲಾಸ್ಟೇನ್ ಎಂಬ ಹಿಗ್ಗುವ ನೂಲು ಬೆರೆತದ್ದು ದಿನಬಳಕೆಗೆ ಸಾಕು. ನೈಲಾನ್ ಹೆಣಿಗೆಯದು ಬೇಗ ಒಣಗುತ್ತದೆ, ಒತ್ತಡ ಸಮವಾಗಿ ಹಂಚುತ್ತದೆ. ಬಿಗಿ ಬ್ರಾಗಳಿಗೆ ಅದೇ ಬೇಕು. ವಿಕಿರಣ ಚಿಕಿತ್ಸೆ ನಡೆಯುವಾಗ ಲೆಕ್ಕ ಬೇರೆ: ಚರ್ಮ ಕೆಂಪೇರಿ ಉರಿಯುತ್ತದೆ, ಕೆಳಮಡಿಕೆ ಮತ್ತು ಕಂಕುಳಲ್ಲಿ ಮೊದಲು. ಸಡಿಲ ಹತ್ತಿ ಬನಿಯನ್ನನ್ನು ಒಳಮೈ ಹೊರಗೆ ತಿರುಗಿಸಿ ಹಾಕಿದರೆ ಹೊಲಿಗೆಯ ದಿಂಡು ಚರ್ಮಕ್ಕೆ ತಾಗದು. ಮೈಮೇಲೆ ಬರೆದ ಶಾಯಿಯ ಗುರುತು ಬಟ್ಟೆಗೆ ಹತ್ತುತ್ತದೆ, ಹಳೆಯದನ್ನೇ ಹಾಕಿ. ಮೆದುಕಾರಕ ದ್ರಾವಣದಲ್ಲಿ ಅದ್ದಬೇಡಿ, ಎಲಾಸ್ಟಿಕ್ ಬೇಗ ಸೋಲುತ್ತದೆ. ಬಿಸಿಗಾಳಿ ಯಂತ್ರದಲ್ಲಿ ಒಣಗಿಸಿದರೆ ಇನ್ನೂ ಬೇಗ.

ಕೃತಕ ಸ್ತನ: ಹಗುರವೋ, ಸಿಲಿಕೋನೋ

ತೆಗೆದ ಸ್ತನದ ಜಾಗದಲ್ಲಿ ಬ್ರಾದೊಳಗೆ ಇಟ್ಟುಕೊಳ್ಳುವ ಕೃತಕ ಸ್ತನದಲ್ಲಿ ಎರಡು ಬಗೆ. ಮೊದಲಿಗೆ ನೂಲು ಅಥವಾ ಹತ್ತಿಯಂಥ ನಾರು ತುಂಬಿದ ಹಗುರದ್ದು. ಗಾಯ ಪೂರ್ತಿ ಮಾಯ್ದ ಮೇಲೆ, ಸಾಮಾನ್ಯವಾಗಿ 6ರಿಂದ 8 ವಾರ ಕಳೆದು, ಸಿಲಿಕೋನು. ಹಗುರದ್ದರ ದೂರು ಒಂದೇ: ನಡೆದಂತೆ ಮೇಲಕ್ಕೆ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಕತ್ತಿನ ಬಳಿ. ಜೇಬಿರುವ ಬ್ರಾದಲ್ಲಿಟ್ಟು, ಆ ಕಡೆಯ ಭುಜಪಟ್ಟಿಯನ್ನು ಸ್ವಲ್ಪ ಸಡಿಲಿಸಿದರೆ ಏರುವುದು ತಗ್ಗುತ್ತದೆ. ತುಂಬಿದ ನಾರನ್ನು ಹೊರತೆಗೆದು ಕೆಳಭಾಗದಲ್ಲಿ ಹೆಚ್ಚು, ಮೇಲೆ ಕಡಿಮೆ ಮಾಡಿ ಮತ್ತೆ ತುಂಬಬಹುದು. ಸಿಲಿಕೋನಿಗೆ ತೂಕವಿದೆ, ಉಳಿದ ಸ್ತನದ ಜೊತೆ ಒಟ್ಟಿಗೆ ಇಳಿಯುತ್ತದೆ, ಅಂಗಿ ಎರಡೂ ಕಡೆ ಒಂದೇ ಸಮ ಕೂರುತ್ತದೆ. ಅದರ ಹಿಂದೆ ಬೆವರು ನಿಲ್ಲುತ್ತದೆ ಎನ್ನುವುದು ನಿಜ. ಹತ್ತಿಯ ಗವಸು ಹಾಕಿ, ರಾತ್ರಿ ಸೌಮ್ಯ ಸಾಬೂನಿನಲ್ಲಿ ತೊಳೆದು, ಒರೆಸಿ, ಅದರದೇ ಪೆಟ್ಟಿಗೆಯಲ್ಲಿಡಿ. ಮೇಜಿನ ಮೇಲೆ ಬೋರಲು ಬಿಟ್ಟರೆ ಆಕಾರ ಕೆಡುತ್ತದೆ. ಪಿನ್ನು, ಬ್ರೋಚು ಆ ಜಾಗದಲ್ಲಿ ಬೇಡವೇ ಬೇಡ.

ಹಳೆಯ ಬ್ರಾಕ್ಕೇ ಜೇಬು ಹೊಲಿಯುವುದಾದರೆ ತೆಳು ಹತ್ತಿ ಬಟ್ಟೆಯನ್ನು ಕಪ್ಪಿನ ಒಳಗೆ ಮೇಲೆ, ಕೆಳಗೆ, ನಡುವಿನ ಕಡೆಗೆ ಹೊಲಿದು ಕಂಕುಳ ಕಡೆಯನ್ನು ತೆರೆದಿಡಿ. ಎಲಾಸ್ಟಿಕ್ ಇರುವ ಅಂಚಿನಲ್ಲಿ ನೇರ ಹೊಲಿಗೆ ಹಾಕಿದರೆ ಹಿಗ್ಗಿದಾಗ ದಾರ ಹರಿಯುತ್ತದೆ, ಅಂಕುಡೊಂಕು ಹೊಲಿಗೆಯೇ ಬೇಕು.

ಒಂದು ಬದಿ ದಿಢೀರನೆ ಊದಿಕೊಂಡರೆ, ಕೆಂಪಾಗಿ ಬಿಸಿಯೇರಿದರೆ, ಜ್ವರ ಬಂದರೆ, ಗಾಯದಿಂದ ವಾಸನೆಯ ದ್ರವ ಒಸರಿದರೆ ಹುಕ್ಕಿನ ಸಾಲು ಬದಲಿಸುತ್ತ ಕೂರಬೇಡಿ, ವೈದ್ಯರಿಗೆ ತಿಳಿಸಿ.

ತಂತಿಯ ಬ್ರಾಕ್ಕೆ ವೈದ್ಯರ ಒಪ್ಪಿಗೆ ಸಿಕ್ಕ ಮೇಲೂ ಮೊದಲ ದಿನ ಎರಡೇ ಗಂಟೆ. ತಂತಿಯ ತುದಿ ಗಾಯದ ಗೆರೆಯ ಮೇಲೆ ಬೀಳುತ್ತಿದ್ದರೆ ಅಳತೆ ಬದಲಿಸಿದರೂ ಬೀಳುತ್ತದೆ, ಮಾದರಿಯನ್ನೇ ಬದಲಿಸಬೇಕು. ಹುಕ್ಕಿನ ಬ್ರಾ ಒಳಗಿನ ಮೂರನೆಯ ಸಾಲಿಗೆ ಹಾಕಿದರೂ ಎರಡು ಬೆರಳಿನ ಬದಲು ಇಡೀ ಅಂಗೈ ಒಳಗೆ ಹೋಗುತ್ತಿದ್ದರೆ ಅದರ ಕೆಲಸ ಮುಗಿದಿದೆ, ಹೊಸದು ಕೊಳ್ಳಿ.