ಅಂಬಾಸಿಡರ್‌ ಹಿಂದಿನ ಗುಂಯ್ ಸದ್ದು ಹಿಡಿದ ಆರು ಕ್ಲಿಪ್ಪಿನ ಮೈಕ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ

ಹಳೇ ಕಾರು ಇಟ್ಟುಕೊಂಡವರಿಗೆ ಈ ಕಿಟ್ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಇದಲ್ಲ. ಹಿಂದಿನ ಆಕ್ಸಲ್ ಸದ್ದು ಮಾಡುತ್ತಿದ್ದರೆ ಅರ್ಧ ಉತ್ತರವನ್ನು ನಿಮ್ಮ ಬಲಗಾಲೇ ಪುಕ್ಕಟೆ ಕೊಡುತ್ತದೆ. ಉಳಿದರ್ಧಕ್ಕೆ ಕಿಟ್ ಬೇಕು.

ಕಿಟ್ಟಿನಲ್ಲಿ ಇರುವುದು ಇಷ್ಟು: ಆರು ಕಬ್ಬಿಣದ ಕ್ಲಿಪ್, ಪ್ರತಿ ಕ್ಲಿಪ್ಪಿನಲ್ಲಿ ಒಂದು ಸಣ್ಣ ಮೈಕ್, ಉದ್ದನೆಯ ವೈರುಗಳು, ಯಾವ ಮೈಕ್ ಕೇಳಬೇಕೋ ಅದಕ್ಕೆ ತಿರುಗಿಸುವ ಒಂದು ಡಬ್ಬಿ, ಒಂದು ಹೆಡ್‌ಫೋನ್. ಕ್ಲಿಪ್ಪುಗಳನ್ನು ಕಾರಿನ ಅಡಿಯಲ್ಲಿ ಬೇಕಾದ ಕಡೆ ಕಚ್ಚಿಸಿ, ವೈರನ್ನು ಒಳಗೆ ತಂದು, ಗಾಡಿ ಓಡಿಸುತ್ತಾ ಕೇಳುವುದು. ಹೆಸರಿಲ್ಲದ ಮಾಲು, ಆನ್‌ಲೈನಿನಲ್ಲಿ ತರಿಸಿದ್ದು.

ನನ್ನದು 1984ರ ಅಂಬಾಸಿಡರ್ ಮಾರ್ಕ್ 4. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಹಿಡಿಕೆ, ನಾಲ್ಕು ಗೇರು. ಗಂಟೆಗೆ 50 ಕಿಲೋಮೀಟರ್ ದಾಟಿದರೆ ಹಿಂದಿನ ಸೀಟಿನ ಕೆಳಗಿಂದ ಗುಂಯ್ ಅನ್ನುವ ಸದ್ದು ಬರುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಅದಕ್ಕೊಂದು ಗರಗರವೂ ಸೇರುತ್ತಿತ್ತು. ಬೆಳಗಾವಿಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಗಾಡಿ ಒಂದು ಸುತ್ತು ಓಡಿಸಿಯೂ ನೋಡದೆ ತೀರ್ಪು ಬಂತು: “ಕ್ರೌನ್-ಪಿನಿಯನ್ ಹೋಗೇತ್ರಿ ಸರ್. ಹೊಸಾ ಸೆಟ್ ಹಾಕ್ಬೇಕ್ರಿ.” ಪಿನಿಯನ್ ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿಗೆ ತರುವ ಸಣ್ಣ ಗೇರು, ಕ್ರೌನ್ ಅಂದರೆ ಅದು ತಿರುಗಿಸುವ ದೊಡ್ಡ ಗೇರು. ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದ್ದು 2014ರಲ್ಲಿ. ಈಗಲೂ ಬಿಡಿಭಾಗ ಸಿಗುತ್ತವೆ, ಗುಣಮಟ್ಟದ ಮಾತು ಬೇರೆ. ಹಾಗಿರುವಾಗ ಸುಮ್ನೆ ಊಹೆಯ ಮೇಲೆ ಸೆಟ್ ಬದಲಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲು ಹಿಂದಿನ ಆಕ್ಸಲ್ಲಿನ ಎಣ್ಣೆ ನೋಡಬೇಕು. ಇದು ಹೈಪಾಯಿಡ್ ಗೇರು. ಪಿನಿಯನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತವೆ ಕೂಡ. ಅದಕ್ಕೇ ಸಾದಾ ಎಣ್ಣೆ ನಡೆಯುವುದಿಲ್ಲ, ಹೆಚ್ಚು ಒತ್ತಡ ತಡೆಯುವ ಇಪಿ 90 ಥರದ ಗೇರ್ ಎಣ್ಣೆಯೇ ಬೇಕು. ಗಾಡಿ ಸಮತಟ್ಟಾಗಿ ನಿಂತಾಗ ಎಣ್ಣೆ ಅದನ್ನು ತುಂಬುವ ಪ್ಲಗ್ಗಿನ ತೂತಿನ ಅಂಚಿಗೆ ಬಂದಿರಬೇಕು. ಜಾಸ್ತಿ ಹಾಕಿದರೆ ಸೀಲು ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಹೌಸಿಂಗ್ (ಆಕ್ಸಲ್ಲಿನ ಹೊರ ಕವಚ) ಮೇಲಿನ ಗಾಳಿ ತೂತು ಮಣ್ಣಿನಿಂದ ಕಟ್ಟಿದ್ದರೂ ಅದೇ ಗತಿ. ಎಣ್ಣೆ ಇಳಿಸಿ ಅದರಲ್ಲಿ ಅಯಸ್ಕಾಂತ ಆಡಿಸಿ. ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದರೆ ಗಾಬರಿ ಬೇಡ, ಹಳೇ ಗಾಡಿಗೆ ಅದು ಸಹಜ. ಚೂರುಗಳು ಬಂದರೆ ಗಾಡಿ ಅಲ್ಲೇ ನಿಲ್ಲಿಸಿ. ನನಗೆ ಸಿಕ್ಕಿದ್ದು ಕೆಸರು ಮಾತ್ರ.

ಆಮೇಲೆ ರಸ್ತೆ. ನಮ್ಮೂರಿನವರಿಗೆ ಒಂದು ಅನುಕೂಲ ಇದೆ. ಹೆದ್ದಾರಿಯಲ್ಲಿ ಕಾಕತಿ ದಾಟಿ ವಂಟಮುರಿ ಘಾಟಿನ ಕಡೆ ಹೋದರೆ ಏರು, ಇಳಿಜಾರು, ಸಮತಟ್ಟು ಮೂರೂ ಸಿಗುತ್ತವೆ. ಏರಿನಲ್ಲಿ ಎಂಜಿನ್ನು ಚಕ್ರವನ್ನು ನೂಕುತ್ತದೆ, ಹಲ್ಲಿನ ಒಂದು ಮೈ ಮೇಲೆ ಭಾರ. ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಭಾರ ಹಲ್ಲಿನ ಇನ್ನೊಂದು ಮೈಗೆ ಹೋಗುತ್ತದೆ. ಸದ್ದು ಹೀಗೆ ಕಾಲಿನ ಜೊತೆ ಬದಲಾದರೆ ಡಿಫರೆನ್ಶಿಯಲ್ ಕಡೆ, ಅಂದರೆ ಆಕ್ಸಲ್ಲಿನ ನಡುವೆ ಕ್ರೌನ್-ಪಿನಿಯನ್ ಇರುವ ಗೇರುಗಳ ಗುಂಪಿನ ಕಡೆ ನೋಡಿ. ಕಾಲು ಏನೇ ಮಾಡಿದರೂ ಸದ್ದು ಒಂದೇ ಥರ ಇದ್ದು ವೇಗದ ಜೊತೆ ಮಾತ್ರ ಏರಿಳಿದರೆ ಟೈರು ಅಥವಾ ಚಕ್ರದ ನಡುವಿನ ಹಬ್ ಬೇರಿಂಗ್ ಮೇಲೆ ಅನುಮಾನ. ಖಾಲಿ ರಸ್ತೆಯಲ್ಲಿ ಗಾಡಿಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ವಾಲಿಸಿ ನೋಡಿ. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರಕ್ಕೆ ಹೋಗುತ್ತದೆ. ಆಗ ಸದ್ದು ಏರಿದರೆ ಬಲ ಹಬ್ಬು. ಟೈರೋ ಅಲ್ಲವೋ ತಿಳಿಯಲು ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಇಳಿದರೆ ಸಾಕು. ಟೈರಿನ ಸದ್ದು ತಕ್ಷಣ ಬೇರೆಯಾಗುತ್ತದೆ, ಗೇರಿನದು ಆಗುವುದಿಲ್ಲ. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಡಿಫರೆನ್ಶಿಯಲ್ ಒಳಗಿನ ಸ್ಟಾರ್ ಪಿನಿಯನ್ ಅನ್ನುವ ಸಣ್ಣ ಗೇರುಗಳನ್ನು ನೋಡಬೇಕು, ಏಕೆಂದರೆ ನೇರ ಓಟದಲ್ಲಿ ಅವು ತಮ್ಮ ಜಾಗದಲ್ಲಿ ತಿರುಗುವುದೇ ಇಲ್ಲ.

ಗೇರ್ ಬಾಕ್ಸನ್ನು ಪಟ್ಟಿಯಿಂದ ತೆಗೆಯುವುದೂ ಸುಲಭ. ನಾಲ್ಕನೇ ಗೇರಿನಲ್ಲಿ ಶಕ್ತಿ ಗೇರ್ ಬಾಕ್ಸಿನೊಳಗೆ ನೇರವಾಗಿ ದಾಟುತ್ತದೆ, ಹಲ್ಲುಗಳ ಮೇಲೆ ಭಾರ ಬೀಳುವುದಿಲ್ಲ. ಮೂರರಲ್ಲಿ ಇದ್ದ ಗುಂಯ್ ನಾಲ್ಕರಲ್ಲಿ ಹೋದರೆ ದೋಷ ಮುಂದೆ ಇದೆ, ಹಿಂದೆ ಅಲ್ಲ.

ನನ್ನ ಗಾಡಿಯಲ್ಲಿ ಇಷ್ಟೆಲ್ಲ ಆದ ಮೇಲೆ ಉಳಿದದ್ದು ಡಿಫರೆನ್ಶಿಯಲ್ ಒಂದೇ. ಏರಿನಲ್ಲಿ ಸದ್ದು ಸಣ್ಣದು, ಇಳಿಜಾರಿನಲ್ಲಿ ದೊಡ್ಡದು. ಆದರೆ ಅದರೊಳಗೆ ಹಲ್ಲೋ, ಬೇರಿಂಗೋ? ಕಿಟ್ ತರಿಸಿದ್ದು ಈ ಪ್ರಶ್ನೆಗೆ.

ಕ್ಲಿಪ್ಪುಗಳನ್ನು ಹೀಗೆ ಹಾಕಿದೆವು: ಪಿನಿಯನ್ನಿನ ಮೂತಿಯ ಹತ್ತಿರ ಒಂದು, ಹೌಸಿಂಗಿನ ಎಡಬಲಕ್ಕೆ ಒಂದೊಂದು, ಎರಡು ಹಬ್ಬುಗಳ ಹಿಂದಿನ ಬ್ರೇಕ್ ತಟ್ಟೆಗೆ ಒಂದೊಂದು, ಗೇರ್ ಬಾಕ್ಸಿನ ಬಾಲಕ್ಕೆ ಒಂದು. ವೈರುಗಳು ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿಗೂ ಸೈಲೆನ್ಸರ್ ಪೈಪಿಗೂ ತಾಗದಂತೆ ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿಯಬೇಕು. ಇದರಲ್ಲಿ ಆತುರ ಬೇಡ. ಓಡಿಸುವವರು ಹೆಡ್‌ಫೋನ್ ಹಾಕಿಕೊಳ್ಳಲೇಬಾರದು. ನಾನು ಓಡಿಸಿದೆ, ಮಗಳು ಪಕ್ಕದಲ್ಲಿ ಡಬ್ಬಿ ಹಿಡಿದು ಕೂತಳು. ಯಾವ ನಂಬರು ಎಲ್ಲಿದೆ ಅಂತ ಅವಳಿಗೆ ಹೇಳಿರಲಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದ ತಕ್ಷಣ ಅಂದಳು: “ಅಪ್ಪಾ, ಮೂರರಾಗ ಗರಗರ ಭಾಳ ಐತಿ. ಉಳಿದ್ವರಾಗ ಅದ ಸದ್ದು, ಆದ್ರ ದೂರದಿಂದ ಬಂದಂಗ.” ಮೂರು ಅಂದರೆ ಪಿನಿಯನ್ನಿನ ಮೂತಿ.

ಇಲ್ಲೇ ಕಿಟ್ಟಿನ ನಿಜವಾದ ಬೆಲೆ ಇರುವುದು. ತಾಮ್ರದ ಕೊಡಕ್ಕೆ ಎಲ್ಲಿ ಬಡಿದರೂ ಇಡೀ ಕೊಡ ಝೇಂಕರಿಸುವಂತೆ ಆಕ್ಸಲ್ ಹೌಸಿಂಗೂ ಸದ್ದನ್ನು ತುದಿಯಿಂದ ತುದಿಗೆ ಒಯ್ಯುತ್ತದೆ. ಒಂದೇ ಜಾಗ ಕೇಳಿದರೆ ಎಲ್ಲ ಕಡೆ ದೋಷ ಇದ್ದಂತೆಯೇ ಅನಿಸುತ್ತದೆ. ಆರೂ ಜಾಗವನ್ನು ಒಂದೇ ವೇಗದಲ್ಲಿ, ಒಂದೇ ಇಳಿಜಾರಿನಲ್ಲಿ ಬದಲಿಸಿ ಬದಲಿಸಿ ಕೇಳಿದಾಗ ಮಾತ್ರ ಹೋಲಿಕೆ ಸಿಗುತ್ತದೆ. ಒಂದೇ ಸ್ವರದಲ್ಲಿ ಎಳೆದ ಗುಂಯ್ ಸಾಮಾನ್ಯವಾಗಿ ಹಲ್ಲಿನದು. ಒರಟು ಗರಗರ ಬೇರಿಂಗಿನದು. ಪಿನಿಯನ್ ಬೇರಿಂಗ್ ಸವೆದರೆ ಪಿನಿಯನ್ನೇ ಸ್ವಲ್ಪ ಆಡುತ್ತದೆ, ಹಲ್ಲುಗಳು ಕೂಡುವ ಜಾಗ ತಪ್ಪುತ್ತದೆ, ಆಗ ಎರಡೂ ಸದ್ದು ಒಟ್ಟಿಗೆ ಬರುತ್ತವೆ. ಗ್ಯಾರೇಜಿನವರು ಕ್ರೌನ್ ಹೋಗಿದೆ ಅನ್ನುವುದು ಹೆಚ್ಚಾಗಿ ಆ ಗುಂಯ್ ಒಂದನ್ನೇ ಕೇಳಿ. ಪ್ರೊಪೆಲರ್ ಶಾಫ್ಟ್ ಬಿಚ್ಚಿ, ಅದು ಕೂಡುವ ಪಿನಿಯನ್ನಿನ ಫ್ಲ್ಯಾಂಜ್ (ಚಪ್ಪಟೆ ಬಿಲ್ಲೆ) ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಕೈಗೇ ಆಟ ಸಿಕ್ಕಿತು. ಒಳ್ಳೆ ಬೇರಿಂಗಿನಲ್ಲಿ ಅದು ಅಲುಗಲೇಬಾರದು.

ಜ್ಯಾಕ್ ಮೇಲೆ ನಿಲ್ಲಿಸಿ ಗೇರ್ ಹಾಕಿ ಕೇಳಿದರಾಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಬೇಡ. ಭಾರ ಇಲ್ಲದ ಹಲ್ಲು ಬೇರೆಯೇ ಸದ್ದು ಮಾಡುತ್ತದೆ. ಒಂದೇ ಚಕ್ರ ಎತ್ತಿದ್ದರೆ ಅದು ಮೀಟರ್ ತೋರಿಸುವುದಕ್ಕಿಂತ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ, ಗಾಡಿ ಜ್ಯಾಕಿನಿಂದ ಜಿಗಿದರೆ ಕೇಳುವುದೇ ಬೇಡ.

ಕೆಲಸ ಮಾಡಿಸಿದ್ದು ಬೆಳಗಾವಿಯದೇ ಉದ್ಯಮಬಾಗದ ಕಡೆ, ಹಳೇ ಗಾಡಿ ಗೊತ್ತಿದ್ದ ಮಿಸ್ತ್ರಿಯೊಬ್ಬರ ಹತ್ತಿರ. ಫೌಂಡ್ರಿ, ಲೇತು, ಗ್ರೈಂಡಿಂಗ್ ಎಲ್ಲ ಒಂದೇ ಕಡೆ ಸಿಗುವ ಊರಿನಲ್ಲಿ ಇರುವುದರ ಲಾಭ ಇಂಥಾಗಲೇ ತಿಳಿಯುವುದು. ಆಕ್ಸಲ್ ಶಾಫ್ಟ್ ಎರಡೂ ಎಳೆದರೆ ಡಿಫರೆನ್ಶಿಯಲ್ ಮುಂದಿನಿಂದ ಇಡಿಯಾಗಿ ಹೊರಗೆ ಬರುತ್ತದೆ. ಹಲ್ಲುಗಳು ಚೆನ್ನಾಗಿದ್ದವು. ಹಾಗಾಗಿ ಹಳೇ ಕ್ರೌನ್-ಪಿನಿಯನ್ನೇ ಉಳಿಸಿದೆವು. ಇವೆರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ, ಒಂದನ್ನು ಮಾತ್ರ ಬದಲಿಸುವ ಮಾತೇ ಇಲ್ಲ. ಚೆನ್ನಾಗಿ ಪಳಗಿದ ಹಳೇ ಜೋಡಿ ಇರುವಾಗ ಪೆಟ್ಟಿಗೆಯಿಂದ ತೆಗೆದ ಹೊಸ ಜೋಡಿಗೆ ಹೋಗುವುದು ನನ್ನ ಲೆಕ್ಕದಲ್ಲಿ ದುಡ್ಡು ಕೊಟ್ಟು ಸದ್ದು ತರುವ ಕೆಲಸ.

ಬೇರಿಂಗನ್ನು ಅಂಬಾಸಿಡರ್ ಕಿಟ್ ಅಂತ ಕೇಳಿ ತರಲಿಲ್ಲ. ಹಳೇ ಬೇರಿಂಗಿನ ಮೈಮೇಲಿನ ನಂಬರು ಓದಿ ಬೇರಿಂಗ್ ಅಂಗಡಿಯಿಂದಲೇ ತಂದೆವು, ಹೊರಗಿನ ಬಟ್ಟಲು ಸಮೇತ. ಮಿಸ್ತ್ರಿ ಪಿನಿಯನ್ ಬಿಗಿ ನೋಡಿದ ರೀತಿ ನನಗೆ ಬಹಳ ಹಿಡಿಸಿತು. ಫ್ಲ್ಯಾಂಜಿಗೆ ದಾರ ಸುತ್ತಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ, ಎಳೆದು, ಎಷ್ಟು ತೂಕಕ್ಕೆ ತಿರುಗುತ್ತದೆ ಅಂತ ಓದಿದರು. ಎಣ್ಣೆ ಸೀಲನ್ನು ಆಮೇಲೆ ಹಾಕಿದರು, ಇಲ್ಲದಿದ್ದರೆ ಅದರ ಹಿಡಿತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಸಂದು ಹೊಂದಿಸಲು ಬೇಕಾದ ದಪ್ಪದ ಶಿಮ್ (ತೆಳು ಬಿಲ್ಲೆ) ಸಿಗದಾಗ ಪಕ್ಕದ ಶೆಡ್ಡಿನಲ್ಲೇ ಗ್ರೈಂಡ್ ಮಾಡಿಸಿದರು. ಕೊನೆಗೆ ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಅಂಚಿಗೆ ಹೋಗದೆ ನಡುವೆ ಬೀಳುವವರೆಗೆ ಬಿಚ್ಚಿ ಕಟ್ಟಿದರು.

ಗರಗರ ಪೂರ್ತಿ ಹೋಯಿತು. 60ರ ಆಸುಪಾಸಿನಲ್ಲಿ ಕಾಲು ತೆಗೆದಾಗ ತೆಳ್ಳಗೆ ಒಂದು ಗುಂಯ್ ಇನ್ನೂ ಇದೆ, ಇಷ್ಟು ವರ್ಷವಾದರೂ ಜಾಸ್ತಿ ಆಗಿಲ್ಲ. ಅಂಬಾಸಿಡರಿನಲ್ಲಿ ಅದನ್ನೂ ಕಳೆಯಬೇಕು ಅಂತ ಹಟ ಹಿಡಿಯುವವರಿಗೆ ನನ್ನ ನಮಸ್ಕಾರ.

ಆಮೇಲೆ ಕಿಟ್ ಸುಮ್ನೆ ಕೂತಿಲ್ಲ. ಬಾಗಲಕೋಟೆಯ ಗೆಳೆಯರೊಬ್ಬರ ಪ್ರೀಮಿಯರ್ ಪದ್ಮಿನಿ ಕಾರಿಗೆ ಹಿಂದಿನ ಆಕ್ಸಲ್ ಬಿಚ್ಚಬೇಕು ಅಂತ ಗ್ಯಾರೇಜಿನವರು ಅಂದಿದ್ದರಂತೆ. ಕ್ಲಿಪ್ ಹಾಕಿ ಕೇಳಿದರೆ ಸದ್ದು ಇದ್ದದ್ದು ಎರಡು ತುಂಡಿನ ಪ್ರೊಪೆಲರ್ ಶಾಫ್ಟಿನ ನಡುವಿನ ಬೇರಿಂಗಿನಲ್ಲಿ. ಆಕ್ಸಲ್ ಮುಟ್ಟದೆ ಕೆಲಸ ಮುಗಿಯಿತು.

ಇನ್ನು ದೂರು. ಕ್ಲಿಪ್ಪಿನ ಸ್ಪ್ರಿಂಗ್ ಸಡಿಲಾಗುತ್ತವೆ, ಎರಡಕ್ಕೆ ನಾನು ರಬ್ಬರ್ ಸುತ್ತಿದ್ದೇನೆ. ಹಬ್ಬಿನ ಹತ್ತಿರದ ಮೈಕಿಗೆ ಗಾಳಿ ಬಡಿದು 60ರ ಮೇಲೆ ಬರೀ ಭರ್ರೋ ಕೇಳಿಸುತ್ತದೆ, ಸ್ಪಂಜು ಕಟ್ಟಿದರೆ ಸ್ವಲ್ಪ ವಾಸಿ. ನಮ್ಮ ಮಳೆಗಾಲದಲ್ಲಿ ಇದನ್ನು ಹೊರಗೆ ತೆಗೆಯುವುದೇ ಬೇಡ, ಒದ್ದೆಯಾದ ಒಂದು ಮೈಕ್ ಮತ್ತೆ ಏಳಲಿಲ್ಲ. ಕಿಟ್ಟಿನ ಜೊತೆ ಬಂದ ಹೆಡ್‌ಫೋನ್ ಕಳಪೆ, ಮನೆಯಲ್ಲಿರುವ ಒಳ್ಳೆಯದನ್ನು ಚುಚ್ಚಿ. ಬ್ಯಾಟರಿ ಒಳಗೇ ಬಿಟ್ಟರೆ ಸೋರುತ್ತದೆ.

ಬರೀ ಎಂಜಿನ್, ಡೈನಮೋ, ನೀರಿನ ಪಂಪಿನ ಸದ್ದು ಹುಡುಕುವವರಿಗೆ ಇದು ಬೇಡ. ನಿಂತ ಗಾಡಿಗೆ ಉದ್ದ ಸಲಾಕೆಯ ಮೆಕ್ಯಾನಿಕ್ ಸ್ಟೆತೋಸ್ಕೋಪ್ ಸಾಕು, ಅದು ಇದರ ಕಾಲು ಭಾಗದ ಬೆಲೆಗೆ ಬರುತ್ತದೆ.