ಆನ್ ಬೊಲಿನ್ ವೇಷ: ಬಳ್ಳಾರಿಯ ಬಾಡಿಗೆ ಸೆಟ್ ಹೇಗಿದೆ?

ಆನ್ ಬೊಲಿನ್ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಎರಡನೇ ರಾಣಿ. ಅವಳ ಪಾತ್ರವಿರುವ ನಾಟಕಗಳಿಗೆಂದು ಬಳ್ಳಾರಿಯ ಬಾಡಿಗೆ ಅಂಗಡಿಯೊಂದು ಕೊಡುವ ಈ ಸೆಟ್‌ನಲ್ಲಿ ಗೌನು, ಒಳಲಂಗ, ಹುಡ್ (ತಲೆಯುಡುಪು), ಮುತ್ತಿನ ಸರ ಇವೆ. ಸರ ಬಹಳ ಚೆನ್ನಾಗಿದೆ: ಪ್ರಸಿದ್ಧ ಭಾವಚಿತ್ರದಲ್ಲಿರುವಂತೆಯೇ 'ಬಿ' ಅಕ್ಷರದ ಪದಕ, ಅದರಡಿ ಮೂರು ಹನಿಮುತ್ತು.

ಸೋತಿರುವುದು ಹುಡ್. ಫ್ರೆಂಚ್ ಹುಡ್ ನೆತ್ತಿಯ ಹಿಂದಕ್ಕೆ ಕೂರಬೇಕು, ಮುಂಗೂದಲು ಕಾಣಬೇಕು, ಬೆನ್ನಿಗೆ ಕಪ್ಪು ಬಟ್ಟೆ ಇಳಿಬೀಳಬೇಕು. ಇಲ್ಲಿನದು ತಂತಿಯಿಲ್ಲದ ಬರೀ ರಟ್ಟು. ನಮ್ಮೂರ ಸೆಕೆಗೆ ಬೆವರು ಹೀರಿ ಮೆತ್ತಗಾಗಿ ಹಣೆಗೆ ಜಾರುತ್ತದೆ. ಒಳಗೊಂದು ಬಿಳಿ ಹತ್ತಿ ಟೋಪಿ ಹಾಕಿ, ಹುಡ್ಡನ್ನು ಅದಕ್ಕೇ ಪಿನ್ ಮಾಡಿ. 1536ರ ಮೇ 19ರ ಮರಣದಂಡನೆಯ ದೃಶ್ಯದಲ್ಲಿ ಹುಡ್ ತೆಗೆದಾಗ ಅದೇ ಟೋಪಿ ಕೆಲಸಕ್ಕೆ ಬರುತ್ತದೆ.

ಮಾದರಿಗೆ 1969ರ 'ಆನ್ ಆಫ್ ದಿ ಥೌಸಂಡ್ ಡೇಸ್' ಚಿತ್ರದ ಜೆನೆವೀವ್ ಬುಜೋಲ್ಡ್ ವೇಷ ನೋಡಿ. 'ದಿ ಟ್ಯೂಡರ್ಸ್' ಸರಣಿಯಲ್ಲಿ ನಟಾಲಿ ಡಾರ್ಮರ್ ಅಭಿನಯ ಅದ್ಭುತ, ಉಡುಪು ಮಾತ್ರ ಆ ಕಾಲದ್ದಲ್ಲ.

ಗೌನಿನ ಬೆನ್ನಿಗೆ ಜಿಪ್ ಇದೆ. ಅದನ್ನು ಬಿಚ್ಚಿಸಿ ಲಾಡಿ ಹಾಕಿಸಿ. ಜೀನ್ಸ್ ಹೊಲಿಯುವ ಊರಲ್ಲಿ ಐಲೆಟ್ (ಲಾಡಿ ಪೋಣಿಸುವ ತೂತು) ಹೊಡೆಯುವವರಿಗೆ ಬರವಿಲ್ಲ. 1533ರ ಜೂನ್ 1ರ ಪಟ್ಟಾಭಿಷೇಕದಲ್ಲಿ ರಾಣಿ ಗರ್ಭಿಣಿ, ಸೆಪ್ಟೆಂಬರ್ 7ಕ್ಕೆ ಎಲಿಜಬೆತ್ ಹುಟ್ಟಿದಳು. ಲಾಡಿಯಾದರೆ ಆ ದೃಶ್ಯಕ್ಕೆ ಸಡಿಲಿಸಬಹುದು.